ಸಿಸೆಲ್ ತನ್ನ ಮನೆಗೆ ಬೀಗ ಹಾಕಿದ್ದು

ಸಿಸೆಲ್ ಬೆರಳು ನಂಬಿ ಬದುಕಿದವಳು. ವೈದ್ಯರು ರೋಗಿಯನ್ನು ನೋಡಿ ಬಂದು ಯಂತ್ರದೊಳಕ್ಕೆ ಗೊಣಗಿದ್ದನ್ನು ಕಿವಿಗೆ ಹಾಕಿಕೊಂಡು, ಮನೆಯಲ್ಲೇ ಕೂತು ಕೇಳುತ್ತ ಕೇಳುತ್ತಲೇ ಅಕ್ಷರಕ್ಕಿಳಿಸುವುದು ಅವಳ ಕೆಲಸ. ಯಾರ ಹೊಟ್ಟೆಯಲ್ಲಿ ಗಡ್ಡೆ, ಯಾರ ಮಗ ಮಾತ್ರೆ ನುಂಗಿ ಬಂದ, ಯಾವ ಪಾದ್ರಿಯ ಲಿವರ್ ಕುಡಿತದಿಂದ ಕೆಟ್ಟಿದೆ ಎಂದು ನೋರ್‌ಬಿಯೆರ್ಗ್ ಎಂಬ ಆ ಕಡಲೂರಿನ ಅರ್ಧ ಜನರ ಗುಟ್ಟು ಅವಳ ಕಿವಿಯೊಳಗೆ ಹೋಗಿ ಅಲ್ಲೇ ಉಳಿದಿತ್ತು. ಅದೇ ಜನ ಅಂಗಡಿಯಲ್ಲಿ ಎದುರಾದರೆ "ಇವತ್ತು ಗಾಳಿ ಜೋರು" ಅಂದು, ರೈ ಬ್ರೆಡ್ಡು ಬುಟ್ಟಿಗೆ ಹಾಕಿಕೊಂಡು ಮುಂದೆ ಹೋಗುತ್ತಿದ್ದಳು.

ಅವಳು ಟ್ರೂಲ್ಸ್‌ನನ್ನು ಮದುವೆಯಾದಾಗ ಹ್ವಿದೆ ಸಾಂದೆ ಎಂಬ ಮೀನುಗಾರರ ಊರಿನಲ್ಲಿದ್ದ ಅವಳ ಅಮ್ಮನಿಗೆ ಹಿಡಿಸಲಾರದಷ್ಟು ಸಂತೋಷ. ಮೀನು ಸೀಳುವ ಶೆಡ್ಡಿನಲ್ಲಿ ಕಾಲ ಕಳೆದ ಆಕೆಗೆ ಕಂಪ್ಯೂಟರ್ ಕೆಲಸದ ಅಳಿಯ ಸಿಕ್ಕಿದ್ದೇ ದೊಡ್ಡ ಮಾತು. ಅವನು ಒಂದು ಬಿಯರ್ ಮೇಲೆ ಎರಡನೆಯದು ಮುಟ್ಟುವವನಲ್ಲ. ಹೇಳಿದ ಹೊತ್ತಿಗೆ ಬರುವವನು. ದನಿ ಎತ್ತಿದ್ದನ್ನು ಯಾರೂ ಕೇಳಿದ್ದಿಲ್ಲ. ಊರಂಚಿನಲ್ಲಿ ಇಟ್ಟಿಗೆಮನೆ ಕೊಂಡ ವರ್ಷವೇ ಟ್ರೂಲ್ಸ್ ಅದರ ಗೋಡೆಗಳ ತುಂಬ ತಂತಿ ಎಳೆದ. ಮನೆ ಬೆಚ್ಚಗಾಗುವುದು, ದೀಪ ಹತ್ತುವುದು, ಕೋಣೆ ಕೋಣೆಯಲ್ಲೂ ಹಾಡು ಬರುವುದು, ಕಾಲಿಂಗ್‌ಬೆಲ್ ಒತ್ತಿದವರ ಮುಖ ಕಾಣುವುದು, ಎಲ್ಲವೂ ಒಂದು ವೈಫೈ ಪೆಟ್ಟಿಗೆಯ ಮೂಲಕ. ಬಟ್ಟೆ ಒಗೆಯುವ ಕೋಣೆಯಲ್ಲಿ ಆಳೆತ್ತರದ ಕಪಾಟಿನಲ್ಲಿ ಒಂದು ದೊಡ್ಡ ಕಂಪ್ಯೂಟರ್ ಹಗಲಿರುಳೂ ಗುಂಯ್‌ಗುಡುತ್ತಿತ್ತು. ಮನೆಯ ಮಿಕ್ಕ ಕಂಪ್ಯೂಟರುಗಳಿಗೆಲ್ಲ ಅದೇ ಯಜಮಾನ.

ಅದರ ಪಾಸ್‌ವರ್ಡ್ ಏನು ಎಂದು ಸಿಸೆಲ್ ಒಮ್ಮೆ ಕೇಳಿದ್ದಳು.

"ನಿನಗ್ಯಾಕೆ ಪುಟ್ಟಿ ಆ ತಲೆನೋವು? ನಾನಿಲ್ವಾ?" ಅಂದಿದ್ದ.

ಅದು ಪ್ರೀತಿಯೇ ಎಂದು ಅವಳು ತಿಳಿದಳು. ಊಟಕ್ಕೆ ಕೂತಾಗ ಅವನು ನಗುತ್ತ, "ಯಾರೋ ಇವತ್ತು ಆರ್ಹೂಸ್‌ನಲ್ಲಿ ಬಾಡಿಗೆ ಮನೆ ಹುಡುಕ್ತಿದ್ರಂತೆ?" ಎಂದು ಕೇಳುವನು. ಆ ದೊಡ್ಡ ನಗರದ ಮನೆಗಳನ್ನು ಸುಮ್ಮನೆ ಕುತೂಹಲಕ್ಕೆ ನೋಡಿದ್ದು ಅಂತ ಅವಳು ಕೆಂಪಾಗುವಳು. ಇನ್ನೊಂದು ದಿನ, "ಮುಟ್ಟು ನಿಲ್ಲೋ ವಯಸ್ಸು ಇಷ್ಟು ಬೇಗ ಬಂತಾ?" ಮಗಳು ಲೀವಾ ಎದುರಿಗೇ ಕೂತು ಮಾಂಸದುಂಡೆಗೆ ಫೋರ್ಕು ಚುಚ್ಚುತ್ತಿದ್ದಳು. ಕ್ರಮೇಣ ಸಿಸೆಲ್ ಕಂಪ್ಯೂಟರಿನಲ್ಲಿ ಏನನ್ನೂ ಹುಡುಕದಾದಳು. ಊಟದ ಮೇಜಿನ ಮೇಲೆ ಬರಬಾರದ್ದು ತನ್ನ ತಲೆಯೊಳಗೂ ಬರಬಾರದು ಅನ್ನುವ ಅಭ್ಯಾಸ ತಾನಾಗಿ ಬೆಳೆಯಿತು.

ಲೀವಾಗೆ ಹನ್ನೊಂದು ತುಂಬಿದ ವರ್ಷ ಸಿಸೆಲ್ ಬೇರೆಯಾಗುವ ಮಾತು ತೆಗೆದಳು. ಟ್ರೂಲ್ಸ್ ಕೂಗಾಡಲಿಲ್ಲ. ಎರಡು ಸೂಟ್‌ಕೇಸು ತುಂಬಿಕೊಂಡು ಬಂದರಿನ ಆಚೆಗಿದ್ದ ಫ್ಲ್ಯಾಟಿಗೆ ಹೋದ. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ:

"ಕಂಪ್ಯೂಟರ್‌ಗಳೆಲ್ಲ ಇಲ್ಲೇ ಇರ್ಲಿ. ಲೀವಾಗೆ ಬೇಕಾಗುತ್ತೆ. ನಾನು ಏನೂ ಮುಟ್ಟಿಲ್ಲ ನೋಡು."

ಮುಟ್ಟಿರಲಿಲ್ಲ, ನಿಜ. ಅದೇ ಎಡವಟ್ಟಾದದ್ದು.

ಮನೆ ಅವನ ಮಾತನ್ನೇ ಕೇಳುತ್ತಿತ್ತು. ಜನವರಿಯ ಥಂಡಿಯಲ್ಲಿ ಇದ್ದಕ್ಕಿದ್ದಂತೆ ಹೀಟರು ಆರುವುದು. ಸಿಸೆಲ್ ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು ಟೈಪು ಮಾಡುವುದು. ಮಧ್ಯಾಹ್ನ ಯಾರೂ ಒತ್ತದೆ ಅಡುಗೆಮನೆಯಲ್ಲಿ ಅವರ ಮದುವೆಯ ಹಾಡು ಶುರುವಾಗುವುದು. "ಲೀವಾ ಟಿವಿ ಮುಂದೆ ಕೂತು ಉಣ್ಣೋದು ಒಳ್ಳೇದಲ್ಲ" ಎಂದು ಮೊಬೈಲಿಗೆ ಒಂದು ಸಾಲು ಬರುವುದು. ಅವಳು ತಲೆಯೆತ್ತಿ ನೋಡಿದರೆ ಲೀವಾ ನಿಜಕ್ಕೂ ಟಿವಿ ಮುಂದೆ ಕೂತಿರುವಳು.

ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಪ್ರೇಬೆನ್ ಅನ್ನುವವನಿದ್ದ. ಹೆಂಡತಿ ತೀರಿಹೋಗಿ ವರ್ಷಗಳಾಗಿದ್ದವು. ಮೆಲುದನಿಯವನು, ನಕ್ಕರೆ ಭುಜ ಮಾತ್ರ ಅಲ್ಲಾಡುವುದು. ಸಿಸೆಲ್ ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋದಾಗ ಇಬ್ಬರೂ ಕಾಫಿ ಕುಡಿಯುತ್ತಿದ್ದರು. ಅವನ ವಿಷಯ ಅವಳು ಅಮ್ಮನ ಬಳಿ ಫೋನಿನಲ್ಲಿ ಮಾತ್ರ ಹೇಳಿದ್ದಳು. ಆ ವಾರವೇ ಪ್ರೇಬೆನ್‌ಗೆ ಟ್ರೂಲ್ಸ್‌ನಿಂದ ಮರ್ಯಾದಸ್ತ ಸಂದೇಶವೊಂದು ಬಂತು: ಸಿಸೆಲ್ ಮನಸ್ಸು ಈಗ ಸರಿಯಿಲ್ಲ, ತಾವು ಸ್ವಲ್ಪ ತಾಳ್ಮೆಯಿಂದಿರಬೇಕು, ಅವಳ ಮಗಳ ಹಿತ ದೊಡ್ಡದು. ಮುಂದಿನ ಸಲ ಕಾಫಿಯ ಹೊತ್ತಿಗೆ ಪ್ರೇಬೆನ್‌ಗೆ ಏನೋ ಕೆಲಸ ಬಂದಿತ್ತು.

ಸಿಸೆಲ್ ಪೊಲೀಸರ ಹತ್ತಿರ ಹೋದಳು. ಎದುರಿಗೆ ಕೂತವನು ಒಳ್ಳೆಯವನೇ. ಅವಳಿಗೆ ಕಾಫಿ ತಂದುಕೊಟ್ಟ.

"ಹೊಡೆದ್ನಾ?"

"ಇಲ್ಲ."

"ಹೊಡೀತೀನಿ ಅಂದ್ನಾ?"

"ಇಲ್ಲ. ಹೀಟರ್ ಆರಿಸ್ತಾನೆ."

ಅವನು ಬರೆಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದ. "ಪಾಸ್‌ವರ್ಡ್ ಬದಲಾಯಿಸಿ ನೋಡಿದ್ರಾ ಅಮ್ಮ?" ಅಂದ. ಇಂಟರ್ನೆಟ್ ಕಂಪನಿಗೆ ಫೋನು ಮಾಡಿದರೆ ಅಲ್ಲಿಯ ಹುಡುಗಿ, ಸಂಪರ್ಕ ಟ್ರೂಲ್ಸ್ ಹೆಸರಲ್ಲಿದೆ, ಅವರೇ ಫೋನು ಮಾಡಬೇಕು ಅಂದಳು. ಸಿಸೆಲ್ ಫೋನು ಇಟ್ಟು ಮೆಟ್ಟಿಲ ಮೇಲೆ ಕೂತಳು. ಪಾಸ್‌ವರ್ಡ್ ಬದಲಾಯಿಸುವುದಕ್ಕೆ ಮೊದಲು ಹಳೆಯ ಪಾಸ್‌ವರ್ಡ್ ಗೊತ್ತಿರಬೇಕಲ್ಲ!

ಊರ ಗ್ರಂಥಾಲಯದಲ್ಲಿ ಬುಧವಾರ ಮಧ್ಯಾಹ್ನ ಕಿಟಕಿಯ ಪಕ್ಕ ಒಂದು ಮೇಜು ಹಾಕಿಕೊಂಡು ಗೆರ್ದಾ ಕೂರುತ್ತಿದ್ದಳು. ಗಣಿತದ ಮೇಡಂ ಆಗಿ ನಿವೃತ್ತಳಾದವಳು. ಸಿಸೆಲ್‌ಗೂ ಎರಡು ವರ್ಷ ಪಾಠ ಹೇಳಿ ಕಿವಿ ಹಿಂಡಿದವಳು. ಈಗ ಮುದುಕರಿಗೆ ಮೊಬೈಲು, ಕಂಪ್ಯೂಟರು ಹೇಳಿಕೊಡುವುದು ಅವಳ ಹೊಸ ಚಟ. ಸಿಸೆಲ್ ಕೂತು ಎಲ್ಲ ಹೇಳಿದಳು. ಗೆರ್ದಾ ಕೇಳಿದಳು:

"ನಿನ್ನ ಮನೆಗೆ ಬಾಗಿಲು ಎಷ್ಟು?"

"ಎರಡು. ಮುಂದೆ ಒಂದು, ಹಿತ್ತಲಿಗೆ ಒಂದು."

"ತಪ್ಪು. ನೀನು ಏಳನೇ ಕ್ಲಾಸಲ್ಲೂ ಹೀಗೇ, ಪ್ರಶ್ನೆ ಪೂರ್ತಿ ಓದ್ತಿರಲಿಲ್ಲ. ನಿನ್ನ ಆಸ್ಪತ್ರೆ ಕಂಪ್ಯೂಟರ್ ಒಂದು, ನಿನ್ನ ಹಳೇ ಲ್ಯಾಪ್‌ಟಾಪ್ ಒಂದು, ಮಗಳ ಶಾಲೇದೊಂದು, ಆ ಒಗೆಯೋ ಕೋಣೇಲಿರೋ ಭೂತ ಒಂದು, ಟಿವಿ, ಪ್ರಿಂಟರ್, ಹೀಟರ್, ಕಾಲಿಂಗ್‌ಬೆಲ್. ಅಷ್ಟೂ ಬಾಗಿಲೇ ಕಣೇ. ಅಷ್ಟಕ್ಕೂ ಕೀಲಿ ಅವನ ಜೇಬಲ್ಲಿದೆ."

"ನನಗೆ ಇದೆಲ್ಲ ಬರಲ್ಲ ಮೇಡಂ."

"ಭಿನ್ನರಾಶೀನೂ ಬರಲ್ಲ ಅಂತಿದ್ದೆ. ಬಂತಾ ಇಲ್ವಾ?"

"ಬರ್ಲಿಲ್ಲ."

ಗೆರ್ದಾ ಕನ್ನಡಕ ತೆಗೆದು ನಕ್ಕಳು. "ಹೋಗ್ಲಿ, ಇದು ಅದಕ್ಕಿಂತ ಸುಲಭ."

ಸುಲಭವೇನೂ ಆಗಿರಲಿಲ್ಲ. ಬುಧವಾರದ ಮೇಲೆ ಬುಧವಾರ ಸಿಸೆಲ್ ಆ ಮೇಜಿಗೆ ಹೋದಳು. ಮೊದಲು ದಾರಿ ನಿನ್ನದಾಗಬೇಕು, ಆಮೇಲೆ ಬಾಗಿಲು ಎಂದು ಗೆರ್ದಾ ಹೇಳಿದ್ದರಿಂದ ಬೇರೆ ಕಂಪನಿಯ ಸಂಪರ್ಕ ತನ್ನ ಹೆಸರಿನಲ್ಲಿ ತೆಗೆದುಕೊಂಡಳು. ಹೊಸ ವೈಫೈ ಪೆಟ್ಟಿಗೆ ಬಂತು. ಅದನ್ನು ಗೋಡೆಗೆ ಜೋಡಿಸುವ ಮೊದಲೇ ಪೆಟ್ಟಿಗೆಯ ಅಡಿಯಲ್ಲಿ ಅಚ್ಚಾಗಿದ್ದ ಪಾಸ್‌ವರ್ಡನ್ನು ಬದಲಾಯಿಸಬೇಕೆಂದೂ, ಹೊರಗಿನವರು ದೂರದಿಂದ ಅದನ್ನು ಆಳುವ ದಾರಿಯನ್ನು ಮುಚ್ಚಬೇಕೆಂದೂ, ಗುಂಡಿ ಒತ್ತಿದರೆ ಯಾರನ್ನಾದರೂ ಒಳಗೆ ಸೇರಿಸಿಕೊಳ್ಳುವ ಸೌಕರ್ಯವನ್ನು ಕಿತ್ತುಹಾಕಬೇಕೆಂದೂ ಕಲಿತಳು. ಕಂಪನಿಯವರು ಕಳಿಸುವ ರಿಪೇರಿಗಳನ್ನು ಪೆಟ್ಟಿಗೆ ತಾನೇ ತೆಗೆದುಕೊಳ್ಳುವ ಹಾಗೆ ಮಾಡಿದಳು. ಪಾಸ್‌ವರ್ಡ್ ವಿಷಯದಲ್ಲಂತೂ ಗೆರ್ದಾ ಬೆರಳು ಅಲ್ಲಾಡಿಸಿಯೇ ಹೇಳಿದ್ದಳು:

"ಮಗಳ ಹೆಸರು, ಹುಟ್ಟಿದ ದಿನ, ನಾಯಿ ಹೆಸರು ಇಟ್ಟೆಯೋ, ಮತ್ತೆ ಕಿವಿ ಹಿಂಡ್ತೀನಿ. ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕೈದು ಮಾತು ಸಾಲಾಗಿ ಇಡು. ಹುಚ್ಚು ಹಿಡಿದವಳ ಥರ."

ಆ ವಸಂತದಲ್ಲಿ ಲೀವಾ ಒಂದು ಶನಿವಾರ ಭಾನುವಾರ ಅಜ್ಜಿಯ ಮನೆಗೆ ಹ್ವಿದೆ ಸಾಂದೆಗೆ ಹೋಗಿದ್ದಳು. ಸಿಸೆಲ್ ಆ ಎರಡು ದಿನವನ್ನೇ ಗೊತ್ತುಮಾಡಿಕೊಂಡಳು. ಗೆರ್ದಾ ಡ್ರಿಲ್ ಮೆಷಿನ್ ಹೊತ್ತು ತಂದಳು. ಇಟ್ಟಿಗೆ ಗೋಡೆ ದಪ್ಪ. ಲೀವಾಳ ಅಟ್ಟದ ಕೋಣೆಗೆ ವೈಫೈ ಮುಟ್ಟುವುದಿಲ್ಲವೆಂದು ಗೋಡೆ ಕೊರೆದು ಕೇಬಲ್ ಎಳೆದರು. ಇಬ್ಬರ ತಲೆಯೂ ಇಟ್ಟಿಗೆಪುಡಿಯಿಂದ ಕೆಂಪಾಯಿತು. ಒಂದೇ ಮನೆಯೊಳಗೆ ಮೂರು ಬೇರೆ ಬೇರೆ ಓಣಿ ಮಾಡಿದರು: ಆಸ್ಪತ್ರೆಯ ಕಂಪ್ಯೂಟರಿಗೆ ಒಂದು, ತಾಯಿಮಗಳ ಯಂತ್ರಗಳಿಗೆ ಒಂದು, ಟಿವಿಗೂ ಬಂದುಹೋಗುವವರಿಗೂ ಒಂದು, ಒಂದರಿಂದ ಇನ್ನೊಂದಕ್ಕೆ ಹಾದಿಯಿಲ್ಲ. ಲ್ಯಾಪ್‌ಟಾಪುಗಳನ್ನು ಪೂರ್ತಿ ಅಳಿಸಿ ಹೊಸದಾಗಿ ತುಂಬಿದರು. ಕಾಲಿಂಗ್‌ಬೆಲ್ ಕಿತ್ತು ಬಾಗಿಲು ತಟ್ಟುವ ಹಳೆಯ ಕಬ್ಬಿಣದ ಬಡಿಗೋಲು ಹಾಕಿದರು. ದೊಡ್ಡ ಕಂಪ್ಯೂಟರಿನ ಡಿಸ್ಕನ್ನು ಗೆರ್ದಾಳ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಪಾಸ್‌ವರ್ಡಿನ ಹಂಗಿಲ್ಲದೆ ಲೀವಾಳ ಫೋಟೋಗಳನ್ನೆಲ್ಲ ತೆಗೆದಿಟ್ಟುಕೊಂಡು, ಆ ಕಂಪ್ಯೂಟರನ್ನು ಕಾರಿಗೆ ಹಾಕಿ ಗುಜರಿ ಅಂಗಳಕ್ಕೆ ಒಯ್ದು, ಹಳೇ ಫ್ರಿಜ್ಜುಗಳ ಸಾಲಿನ ಪಕ್ಕ ಎತ್ತಿ ಎಸೆದರು.

ಭಾನುವಾರ ಮಧ್ಯಾಹ್ನ ಪೆಟ್ಟಿಗೆಯ ದೀಪ ಹಸಿರಾಯಿತು. ಸಿಸೆಲ್ ಕೆನೆಯ ಕೇಕು ಕತ್ತರಿಸಿದಳು. ಹೀಟರಿನ ತಿರುಪು ಕೈಯಲ್ಲೇ ತಿರುಗಿಸಿ, ಶಾಖ ಏರುವುದನ್ನು ಅಂಗೈ ಇಟ್ಟು ನೋಡಿದಳು.

"ಅಳ್ತಿದ್ದೀಯಾ?" ಗೆರ್ದಾ ಕೇಳಿದಳು.

"ಇಟ್ಟಿಗೆ ಪುಡಿ."

"ಹೂಂ. ಇನ್ನೊಂದು ಚೂರು ಕೊಡು. ಹಣ್ಣು ಇರೋ ಕಡೆಯಿಂದ."

ಸಂಜೆ ಲೀವಾ ಬಂದಳು. ಬೂಟು ಬಿಚ್ಚಿ, ಒಗೆಯುವ ಕೋಣೆಗೆ ಚೀಲ ಇಡಲು ಹೋದವಳು ಖಾಲಿ ಕಪಾಟಿನ ಮುಂದೆ ನಿಂತೇಬಿಟ್ಟಳು.

"ಅಮ್ಮ, ಇಲ್ಲಿದ್ದದ್ದು ಎಲ್ಲಿ?"

"ಅದು ಹಳೇದಾಗಿತ್ತು ಕಂದ. ನಿನ್ನ ಫೋಟೋ ಎಲ್ಲಾ ತೆಗೆದಿಟ್ಟಿದ್ದೀನಿ."

"ಊರು?"

"ಯಾವ ಊರು?"

ಲೀವಾ ಏಳು ವರ್ಷದವಳಿದ್ದಾಗಿನಿಂದ ಅಪ್ಪನ ಜೊತೆ ಕೂತು ಒಂದು ಆಟದೊಳಗೆ ಊರು ಕಟ್ಟುತ್ತಿದ್ದಳು. ಬಂದರು, ದೀಪಸ್ತಂಭ, ರೈಲು, ಬೆಟ್ಟದೊಳಗೆ ಸುರಂಗ, ಇಬ್ಬರಿಗೂ ಒಂದೊಂದು ಮನೆ. ಒಂದೊಂದು ಕಲ್ಲನ್ನೂ ಕೈಯಾರೆ ಇಟ್ಟದ್ದು. ಆ ಊರು ಇದ್ದದ್ದು ಆ ಕಂಪ್ಯೂಟರಿನಲ್ಲಿ. ಸಿಸೆಲ್‌ಗೆ ಅದು ಗೊತ್ತೇ ಇರಲಿಲ್ಲ. ಆ ಕೋಣೆಯ ವಿಷಯ ಅವಳು ಯಾವತ್ತೂ ಕೇಳಿದವಳಲ್ಲ. ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಇಬ್ಬರೂ ಗುಜರಿ ಅಂಗಳದಲ್ಲಿದ್ದರು. ಆ ಸಾಲನ್ನು ಲಾರಿ ಬೆಳಗಾಗುವ ಮೊದಲೇ ಎತ್ತಿಕೊಂಡು ಹೋಗಿತ್ತು. ಕಿತ್ತಳೆ ಜಾಕೆಟ್ಟಿನ ಕೆಲಸದವನು ಖಾಲಿ ನೆಲವನ್ನು ತೋರಿಸಿ ಕೈ ಅಲ್ಲಾಡಿಸಿದ.

"ಮತ್ತೆ ಕಟ್ಟೋಣ," ಅಂದಳು ಸಿಸೆಲ್ ಕಾರಿನಲ್ಲಿ. "ನಾನೂ ಕಲೀತೀನಿ."

"ನೀನು ಬೇಡ," ಅಂದಳು ಲೀವಾ. ಸಿಟ್ಟಿನ ದನಿಯಲ್ಲ. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟ ಅಪರಿಚಿತರಿಗೆ ಬೇಡವೆನ್ನುವ ಹಾಗೆ.

ಆಮೇಲೆ ಕೆಲವು ವಾರ ಮನೆ ತೆಪ್ಪಗಿತ್ತು. ಹಾಡು ತಾನಾಗಿ ಹಾಡಲಿಲ್ಲ, ಹೀಟರು ಆರಲಿಲ್ಲ. ಸಿಸೆಲ್ ಆರ್ಹೂಸ್‌ನ ಬಾಡಿಗೆ ಮನೆಗಳನ್ನು ನೋಡಿದಳು, ಹೋಗುವ ಆಸೆಯೇನಿಲ್ಲ, ನೋಡಬಹುದು ಅನ್ನುವುದಕ್ಕೆ. ಅಮ್ಮನೊಂದಿಗೆ ಫೋನಿನಲ್ಲಿ ಜೋರಾಗಿ ನಕ್ಕಳು. ಕೊನೆಗೆ ಧೈರ್ಯ ಮಾಡಿ ಪ್ರೇಬೆನ್‌ಗೆ ಫೋನು ಮಾಡಿ, ಹಿಂದೆ ಬಂದ ಆ ಸಂದೇಶದ ಕಥೆಯನ್ನೆಲ್ಲ ಹೇಳಿದಳು. ಅವನು "ನಾನು ಹೆದರಿಕೊಂಡೆ ಸಿಸೆಲ್. ನಾಚಿಕೆ ಆಗ್ತಿದೆ," ಅಂದ. ಲೀವಾ ಶಾಲೆಗೆ ಹೋಗಿದ್ದ ಒಂದು ಶುಕ್ರವಾರ ಮಧ್ಯಾಹ್ನದ ಊಟಕ್ಕೆ ಬಂದ. ಉಪ್ಪಿನಲ್ಲಿಟ್ಟ ಹೆರಿಂಗ್ ಮೀನು, ರೈ ಬ್ರೆಡ್ಡು, ಒಂದೊಂದು ಪುಟ್ಟ ಲೋಟ ಸ್ನ್ಯಾಪ್ಸ್ ಸಾರಾಯಿ. ಈರುಳ್ಳಿ ಜಾಸ್ತಿಯಾಯಿತು ಎಂದು ಅವನು ಕಣ್ಣೊರೆಸಿಕೊಂಡು ಹೇಳಿದ. ಅವನ ಭುಜ ಅಲ್ಲಾಡಿತು. ತನ್ನ ಮನೆಯಲ್ಲಿ ಒಬ್ಬರು ನಗುವುದನ್ನು ನೋಡಿ ಸಿಸೆಲ್‌ಗೆ ಏನು ಮಾಡಬೇಕೋ ತೋಚದೆ, ಎದ್ದು ಹೋಗಿ ನೀರು ತಂದಳು.

ಭಾನುವಾರ ಟ್ರೂಲ್ಸ್ ಎಂದಿನಂತೆ ಲೀವಾಳನ್ನು ಹೊರಗೆ ಕರೆದುಕೊಂಡು ಹೋಗಲು ಬಂದ. ಮಗಳು ಮೇಲೆ ಜಾಕೆಟ್ಟು ಹುಡುಕುತ್ತಿದ್ದಳು. ಅವನು ಬಾಗಿಲ ಮೇಲಿನ ಕಬ್ಬಿಣದ ಬಡಿಗೋಲನ್ನು ಬೆರಳಿಂದ ಎತ್ತಿ ಬಿಟ್ಟು, ಮೆಲ್ಲಗೆ ಹೇಳಿದ:

"ಪಾಪ, ಪ್ರೇಬೆನ್‌ಗೆ ಈರುಳ್ಳಿ ಆಗಲ್ವೇನೋ. ಮುಂದಿನ ಸಲ ಕಡಿಮೆ ಹಾಕು."

ಶುಕ್ರವಾರ ಮೇಜಿನಲ್ಲಿದ್ದದ್ದು ಅವಳೂ ಪ್ರೇಬೆನ್ನೂ ಇಬ್ಬರೇ. ಅಷ್ಟರಲ್ಲಿ ಲೀವಾ ಇಳಿದು ಬಂದಳು, ಅವನು ಅವಳ ಟೋಪಿ ಸರಿಮಾಡಿದ, ಇಬ್ಬರೂ ನಗುತ್ತ ಕಾರಿನ ಕಡೆ ನಡೆದರು.

ಅವಳು ಮನೆಯನ್ನೆಲ್ಲ ಬಗೆದಳು. ಸೋಫಾದ ದಿಂಬು, ದೀಪದ ಬುಡ, ಹೂಕುಂಡದ ಮಣ್ಣು. ಕೊನೆಗೆ ಊಟದ ಮೇಜಿನ ಹಿಂದಿದ್ದ ಪುಸ್ತಕದ ಕಪಾಟನ್ನು ಗೋಡೆಯಿಂದ ಸರಿಸಿದಾಗ, ಅಟ್ಟದ ಕೋಣೆಗೆ ತಾನೇ ಎಳೆದ ಕೇಬಲಿನ ಬುಡದಲ್ಲಿ, ಬೆಂಕಿಪೊಟ್ಟಣದಷ್ಟು ದೊಡ್ಡ ಬಿಳಿ ಪೆಟ್ಟಿಗೆಯೊಂದು ಚುಚ್ಚಿಕೊಂಡಿತ್ತು. ಅದರ ಮೈಮೇಲೆ ಸೂಜಿಮೊನೆಯಷ್ಟು ಒಂದು ತೂತು.

ಗೆರ್ದಾ ಅದನ್ನು ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿದಳು. "ಇದು ಒಳಗಿಂದ ಹೊರಗೆ ದಾರಿ ಮಾಡುತ್ತೆ. ನಾವು ಹಾಕಿದ ಬೀಗ ಎಲ್ಲಾ ಹೊರಗಿಂದ ಬರೋರಿಗೆ," ಎಂದಳು. ಆಮೇಲೆ ತೂತಿನ ಹಿಂದಿನ ಚುಕ್ಕೆಯನ್ನು ಟ್ವೀಜರಿನಿಂದ ಮುಟ್ಟಿ ತೋರಿಸಿದಳು. "ಇದು ಕಿವಿ."

"ಅವನು ಮನೆಯೊಳಗೆ ಬಂದೇ ಇಲ್ಲ ಮೇಡಂ. ಬಾಗಿಲು ದಾಟಿಲ್ಲ."

ಗೆರ್ದಾ ತಲೆಯೆತ್ತಿ ಅಟ್ಟದ ಮೆಟ್ಟಿಲ ಕಡೆ ನೋಡಿದಳು. ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

ಸಂಜೆ ಬಂದ ಲೀವಾ ಮೇಜಿನ ಮೇಲಿದ್ದ ತುಂಡುಗಳನ್ನು ನೋಡಿದಳು. ಸುಳ್ಳು ಹೇಳುವ ಪ್ರಯತ್ನವನ್ನೇ ಮಾಡಲಿಲ್ಲ.

"ನಾನೇ ಹಾಕಿದ್ದು. ಅಪ್ಪ ಕೊಟ್ಟ. ಅದಿದ್ರೆ ಅಪ್ಪ ಫ್ಲ್ಯಾಟಲ್ಲಿ ಕೂತೇ ಇಲ್ಲಿಗೆ ಬಂದು ನನ್ನ ಜೊತೆ ಊರು ಕಟ್ಟಬಹುದು."

"ಲೀವಾ, ಅದಕ್ಕೆ ಕಿವಿ ಇದೆ. ನಾವು ಮಾತಾಡಿದ್ದೆಲ್ಲ ಅವನಿಗೆ ಕೇಳ್ಸುತ್ತೆ."

"ಸುಳ್ಳು. ಅದು ಬಿಸಿ ಹೋಗೋಕೆ ಇರೋ ತೂತು. ಅಪ್ಪ ಹೇಳಿದ್ದಾನೆ."

"ಗೆರ್ದಾ ಮೇಡಂ ಬಿಚ್ಚಿ ನೋಡಿದ್ದಾರೆ ಕಂದ."

"ನಿನ್ನ ಕಡೆಯೋರು ಎಲ್ಲಾ ಹಾಗೇ ಹೇಳೋದು." ಲೀವಾ ತುಂಡುಗಳನ್ನು ತನ್ನ ಕಡೆ ಎಳೆದುಕೊಂಡಳು. "ನೀನು ನನ್ನ ಕೇಳದೆ ಎಲ್ಲಾ ಎಸೆದೆ. ನನ್ನ ಲ್ಯಾಪ್‌ಟಾಪ್ ಅಳಿಸಿದೆ. ಅಪ್ಪನ್ನ ಬೀಗ ಹಾಕಿ ಹೊರಗಿಟ್ಟೆ. ಇದು ನಿನ್ನೊಬ್ಬಳ ಮನೆನಾ? ನಾನೂ ಇಲ್ಲೇ ಇರೋದು ತಾನೇ?"

ಸಿಸೆಲ್ ಮಗಳ ಕೈ ಹಿಡಿಯಲು ಹೋದಳು. ಲೀವಾ ಕೈಯನ್ನು ಸ್ವೆಟರಿನ ತೋಳಿನೊಳಕ್ಕೆ ಎಳೆದುಕೊಂಡಳು.

ಮುಂದಿನದೆಲ್ಲ ಇಳಿಜಾರಿನಲ್ಲಿ ಉರುಳುವ ಕಲ್ಲಿನ ಹಾಗೆ ಆಯಿತು. ರೋಗಿಗಳ ಗುಟ್ಟು ಹಾದುಹೋಗುವ ಮನೆಯಲ್ಲಿ ಕದ್ದು ಕೇಳುವ ಯಂತ್ರ ಸಿಕ್ಕಿದೆ ಎಂದ ಮೇಲೆ ಆಸ್ಪತ್ರೆಗೆ ತಿಳಿಸಲೇಬೇಕು, ಅದು ನಿಯಮ. ತಿಳಿಸದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸಿಸೆಲ್ ತಿಳಿಸಿದಳು. ಮೇಲಧಿಕಾರಿ ಅವಳ ಪ್ರಾಮಾಣಿಕತೆಗೆ ವಂದನೆ ಹೇಳಿದಳು, ಮನೆಯಿಂದ ಕೆಲಸ ಮಾಡುವ ಅನುಮತಿಯನ್ನು ಹಿಂದಕ್ಕೆ ಪಡೆದಳು. ಅದರಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ. ಅಲ್ಲಿಂದ ಮುಂದೆ ಸಿಸೆಲ್ ಕತ್ತಲಿರುವಾಗಲೇ ಬಸ್ಸು ಹತ್ತಿ, ಕತ್ತಲಾದ ಮೇಲೆ ಇಳಿಯಬೇಕಾಯಿತು. ಲೀವಾ ಶಾಲೆಯಿಂದ ಖಾಲಿ ಮನೆಗೆ ಬರುವ ಬದಲು ಬಂದರಿನಾಚೆಯ ಅಪ್ಪನ ಫ್ಲ್ಯಾಟಿಗೆ ಹೋಗತೊಡಗಿದಳು. ಅಲ್ಲಿ ಹೊಸ ಊರು ಏಳುತ್ತಿತ್ತು.

ಬಿಳಿ ಪೆಟ್ಟಿಗೆಯನ್ನು ಪೊಲೀಸರಿಗೆ ಕೊಟ್ಟಿದ್ದಳು. ಟ್ರೂಲ್ಸ್ ತಾನಾಗಿಯೇ ಹೋಗಿ, ಮಗಳ ಆಟಕ್ಕೆಂದು ಕೊಟ್ಟದ್ದು, ಅಂಥ ಬಿಡಿಭಾಗಗಳಲ್ಲಿ ಆ ಚುಕ್ಕೆ ಮೊದಲೇ ಇರುತ್ತದೆ, ತಾನು ಅದನ್ನು ಬಳಸಿಯೇ ಇಲ್ಲ ಅಂದ. ಈರುಳ್ಳಿಯ ಮಾತನ್ನು ಅವನು ಹೇಳಿದ್ದು ಬಾಗಿಲಲ್ಲಿ, ಯಾರೂ ಇಲ್ಲದಾಗ. ಪ್ರೇಬೆನ್ ಸಾಕ್ಷಿ ಹೇಳಲು ಒಪ್ಪಿದ. ಆದರೆ ಅವನು ಹೇಳಬಹುದಾದದ್ದಾದರೂ ಏನು? ಹೆರಿಂಗ್ ತಿಂದೆ, ಈರುಳ್ಳಿ ಜಾಸ್ತಿಯಾಗಿತ್ತು. ಪ್ರಕರಣ ಮುಚ್ಚಿಹೋಯಿತು. ಪ್ರೇಬೆನ್ ಆಮೇಲೂ ಕಾಫಿಗೆ ಸಿಗುತ್ತಿದ್ದ, ಆದರೆ ಮಾತಾಡುವಾಗ ಮೇಜಿನ ಅಡಿ, ದೀಪದ ಕಡೆ ನೋಡುತ್ತಿದ್ದ. ಚಳಿಗಾಲದ ಹೊತ್ತಿಗೆ ಬೇರೆ ಪಾಳಿಗೆ ಹೋದ. ಸಿಸೆಲ್ ಅವನನ್ನು ದೂರಲಿಲ್ಲ.

ಅಪ್ಪನ ಜೊತೆ ಇರುತ್ತೇನೆಂದು ಲೀವಾ ತಾನೇ ಹೇಳಿದಳು. ಕುಟುಂಬದ ವ್ಯವಹಾರ ನೋಡುವ ಕಚೇರಿಯಲ್ಲಿ ಮಕ್ಕಳ ಮಾತು ಕೇಳಲೆಂದೇ ಒಂದು ಕೋಣೆಯಿತ್ತು. ನೆಲದ ಮೇಲೆ ಬಣ್ಣಬಣ್ಣದ ದಿಂಬು, ಬುಟ್ಟಿಯಲ್ಲಿ ಸೇಬು. ಸಿಸೆಲ್ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಎದುರಿನ ಬೆಂಚಿನಲ್ಲಿ ಟ್ರೂಲ್ಸ್ ಕಾಲಿನ ಮೇಲೆ ಕಾಲು ಹಾಕಿ ಕೂತಿದ್ದ. ಅವಳನ್ನು ನೋಡಿ ಸ್ನೇಹದಿಂದಲೇ ತಲೆಯಾಡಿಸಿದ.

"ನಿನಗೇನು ಬೇಕಾಗಿತ್ತು ಟ್ರೂಲ್ಸ್?" ಅವಳು ಕೇಳಿದಳು. ಅಷ್ಟು ವರ್ಷದಲ್ಲಿ ಮೊದಲ ಸಲ. "ನನ್ನ ಹತ್ರ ಏನಿತ್ತು ಅಂತ ಕದ್ದು ಕೇಳ್ತಾ ಕೂತಿದ್ದೆ ನೀನು?"

ಅವನು ನಿಜವಾಗಿಯೂ ಯೋಚಿಸಿದ. "ಏನೂ ಇಲ್ಲ ಪುಟ್ಟಿ. ನೀನು ಮನೇಲಿದ್ದೀಯ ಅಂತ ಗೊತ್ತಾದ್ರೆ ನನಗೆ ನಿದ್ದೆ ಬರುತ್ತೆ, ಅಷ್ಟೇ."

ಅವನು ಸುಳ್ಳು ಹೇಳುತ್ತಿಲ್ಲ ಎಂದು ಅವಳಿಗೆ ಅನ್ನಿಸಿತು. ಅದರಿಂದ ಇನ್ನಷ್ಟು ಚಳಿ ಹತ್ತಿತು.

ಬಾಗಿಲು ತೆರೆದು ಹೆಂಗಸೊಬ್ಬಳು ಹೊರಬಂದಳು. ಲೀವಾ ಎಷ್ಟು ತಿಳುವಳಿಕೆಯ ಹುಡುಗಿ ಎಂದು ಹೊಗಳಿದಳು. ಮಗಳು ತಂದೆಯ ಜೊತೆ ಇರುವುದು, ವಾರ ಬಿಟ್ಟು ವಾರ ಶನಿವಾರ ಭಾನುವಾರ ತಾಯಿಯ ಮನೆಗೆ ಬರುವುದು ಎಂದು ತೀರ್ಮಾನವಾಯಿತು.

ಈಗ ಲೀವಾ ಹಾಗೆ ಬರುತ್ತಾಳೆ. ಚರ್ಚಿನಲ್ಲಿ ಹದಿಹರೆಯದವರಿಗೆ ಮಾಡುವ ದೀಕ್ಷೆಯ ಹಬ್ಬಕ್ಕೆ ಅಪ್ಪ ಕೊಟ್ಟ ಹೊಸ ಮೊಬೈಲು ಅವಳ ಕೈಯಲ್ಲಿ ಇರುತ್ತದೆ. ಅದು ಸಿಸೆಲ್‌ಳ ವೈಫೈಯನ್ನು ಕೇಳುವುದೇ ಇಲ್ಲ. ಅದರ ದಾರಿ ಅದರದ್ದೇ. ಅದರೊಳಗೆ ಏನಿದೆಯೋ ಇಲ್ಲವೋ ಸಿಸೆಲ್‌ಗೆ ಗೊತ್ತಿಲ್ಲ. ಗೊತ್ತಾಗುವ ಬಗೆಯೂ ಇಲ್ಲ. ಒಮ್ಮೆ ಗೆರ್ದಾಳ ಸಲಹೆಯಂತೆ ಬಾಗಿಲ ಬಳಿ ಒಂದು ಬುಟ್ಟಿ ಇಟ್ಟು, ಬಂದವರೆಲ್ಲ ಮೊಬೈಲು ಅದರಲ್ಲಿ ಹಾಕಬೇಕು ಅಂದಿದ್ದಳು, ತನ್ನದನ್ನೂ ಹಾಕಿ ತೋರಿಸಿದ್ದಳು. ಲೀವಾ ಹೊರಗೆ ಹೋಗಿ ಹಿಮದಲ್ಲಿ ನಿಂತು ಅಪ್ಪನಿಗೆ ಫೋನು ಮಾಡಿದಳು. ಅವನು ಬಂದು ಕರೆದುಕೊಂಡು ಹೋದ. ಆ ಶನಿವಾರ ಭಾನುವಾರ ಎರಡೂ ಹಾಳಾದವು. ಸಿಸೆಲ್ ಬುಟ್ಟಿಯನ್ನು ಒಳಗಿಟ್ಟಳು.

"ಬೀಗ ಹಾಕೋದು ಹೇಳಿಕೊಟ್ಟೆ ನಿನಗೆ," ಅಂದಳು ಗೆರ್ದಾ, ಗ್ರಂಥಾಲಯದ ಮೇಜಿನಲ್ಲಿ. "ಇದಕ್ಕೆ ನನ್ನ ಹತ್ರ ಪಾಠ ಇಲ್ಲ ಕಣೇ." ಅವತ್ತು ಅವಳು ತಮಾಷೆ ಮಾಡಲಿಲ್ಲ. ಆಮೇಲೆ ಒಬ್ಬ ಮುದುಕ ತನ್ನ ಮೊಬೈಲು ಹಿಡಿದು ಬಂದ, ಸಿಸೆಲ್ ಅವನಿಗೆ ಜಾಗ ಬಿಟ್ಟು ಎದ್ದಳು.

ಹೋದ ಶನಿವಾರ ಸಿಸೆಲ್ ಮಗಳಿಗೆ ಪ್ರಿಯವಾದ ಅರೆದ ಲಿವರಿನ ಮುದ್ದೆಯನ್ನು ಒಲೆಯಲ್ಲಿ ಬೇಯಿಸಿ, ಬೀಟ್‌ರೂಟ್ ಉಪ್ಪಿನಕಾಯಿ ತೆಗೆದಿಟ್ಟಿದ್ದಳು. ಲೀವಾ ಈಗ ಅವಳಷ್ಟೇ ಎತ್ತರ. ಬ್ರೆಡ್ಡಿಗೆ ಬೆಣ್ಣೆ ಸವರುತ್ತ, ಮುಂದಿನ ವರ್ಷ ಯಾವ ಶಾಲೆ ಸೇರಬೇಕೋ ತಿಳಿಯುತ್ತಿಲ್ಲ ಎಂದಳು. ಸಿಸೆಲ್ ನಾಳೆ ಮೋಡ ಕವಿಯಬಹುದು ಅಂದಳು. ಲೀವಾ ಒಬ್ಬ ಹುಡುಗನ ಹೆಸರು ಹೇಳಿದಳು, ಹೇಳಿ ಅಮ್ಮನ ಮುಖ ನೋಡಿದಳು. ಸಿಸೆಲ್ ಚೆನ್ನಾಗಿರೋ ಹೆಸರು ಅಂದು ಬ್ರೆಡ್ಡು ಕೊಯ್ದಳು.

ಲೀವಾ ಚಾಕು ಕೆಳಗಿಟ್ಟಳು.

"ಯಾಕಮ್ಮ ನೀನು ಹೀಗೆ? ನಾನು ಏನು ಹೇಳಿದ್ರೂ ಮಳೆ ಗಾಳಿ ಊಟ. ನೀನು ಯಾವತ್ತೂ ನನಗೆ ಏನೂ ಹೇಳಲ್ಲ. ಅಪ್ಪ ಎಲ್ಲಾ ಮಾತಾಡ್ತಾನೆ ಗೊತ್ತಾ?"

ಸಿಸೆಲ್‌ಗೆ ಹೇಳಬೇಕಾದದ್ದು ಬೇಕಾದಷ್ಟಿತ್ತು. ಮೊದಲ ಹುಡುಗನ ವಿಷಯ ತನ್ನ ಅಮ್ಮನಿಗೆ ತಾನು ಹೇಗೆ ಹೇಳಿದೆ ಅನ್ನುವುದು, ಆ ಊರನ್ನು ಎಸೆದದ್ದಕ್ಕೆ ಇನ್ನೂ ಎಷ್ಟು ಸಂಕಟ ಅನ್ನುವುದು, ನೀನಿಲ್ಲದ ವಾರಗಳು ಹೇಗಿರುತ್ತವೆ ಅನ್ನುವುದು. ಬೆಣ್ಣೆಯ ಬಟ್ಟಲಿನ ಪಕ್ಕದಲ್ಲಿ ಟ್ರೂಲ್ಸ್ ಕೊಟ್ಟ ಮೊಬೈಲು ಮಲಗಿತ್ತು. ಮಗಳು ಉತ್ತರಕ್ಕೆ ಕಾಯುತ್ತಿದ್ದಳು.

"ಬೀಟ್‌ರೂಟ್ ಇನ್ನೂ ಸ್ವಲ್ಪ ಹಾಕ್ಲಾ?" ಅಂದಳು ಸಿಸೆಲ್.

"ಬೇಡ," ಅಂದು ಲೀವಾ ತಟ್ಟೆ ದೂಡಿ ಮೇಲೆ ಹೋದಳು.

ಭಾನುವಾರ ಸಂಜೆ ಟ್ರೂಲ್ಸ್ ಹೇಳಿದ ಹೊತ್ತಿಗೆ ಸರಿಯಾಗಿ ಬಂದ.